ಕುಟುಂಬ ರಕ್ಷಣೆಗೆ ಚಂದಾಪಟ್ಟಿ ಸಾಲದು

ಮೇ ತಿಂಗಳೆಂದರೆ ಮುಂಬಯಿಯ ಕನ್ನಡಿಗನಿಗೆ ಎರಡು ಬಗೆಯ ಗಡಿಬಿಡಿ. ಮಕ್ಕಳ ಶಾಲೆಗೆ ರಜೆ ದೊರೆತೊಡನೆ ಕುಟುಂಬ ಸಮೇತ ಊರಿಗೆ ಹೊರಡಬೇಕು. ಜೂನಿನಲ್ಲಿ ಮಳೆ ಹಿಡಿಯುವ ಮುನ್ನ ಮರಳಿ ಬಂದು ಖೋಲಿಯ ಮಾಡು ಗೋಡೆಗಳನ್ನು ನೋಡಿಕೊಳ್ಳಬೇಕು. ಊರಿಗೆ ಒಯ್ಯುವ ಸೀರೆ, ಸಿಹಿತಿಂಡಿ, ಮುಡಿಪಿನ ಹಣ ಇವೆಲ್ಲವನ್ನೂ ನಾವು ತಿಂಗಳ ಮೊದಲೇ ಲೆಕ್ಕ ಹಾಕುತ್ತೇವೆ. ಆದರೆ ದಾರಿಯಲ್ಲಿ ಕೂಸು ಎಲ್ಲಿ ಕೂರಬೇಕೆಂಬುದನ್ನಾಗಲಿ, ಖೋಲಿಗೆ ನೀರು ನುಗ್ಗಿದರೆ ಆ ನಷ್ಟವನ್ನು ಯಾರು ಭರಿಸಬೇಕೆಂಬುದನ್ನಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವವರು ವಿರಳ. ಈ ಎರಡು ಸಂಗತಿಗಳನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಕುಟುಂಬಕ್ಕೆ ಕಷ್ಟ ಬಂದಾಗ ನೆರವಾಗಲು ನಮ್ಮ ಸಮಾಜದಲ್ಲಿ ಒಂದು ಹಳೆಯ ಕ್ರಮವಿದೆ. ಮಾಣಿಯೊಬ್ಬನಿಗೆ ಅಪಘಾತವಾದರೆ, ಗುಮಾಸ್ತನೊಬ್ಬನ ಖೋಲಿ ಸುಟ್ಟರೆ, ಒಂದು ಕಾಗದದ ಮೇಲೆ ಹೆಸರು ಬರೆದು ಗಲ್ಲೆಯಿಂದ ಗಲ್ಲೆಗೆ ಒಯ್ಯುವುದು. ಸಂಘದ ಸಭೆಯಲ್ಲಿ ಓದಿಸುವುದು. ಕೂಡಿಬಂದ ಹಣವನ್ನು ಊರಿಗೆ ಮುಟ್ಟಿಸುವುದು. ಈ ಚಂದಾಪಟ್ಟಿ ನಮ್ಮವರ ಸೌಜನ್ಯಕ್ಕೆ ಸಾಕ್ಷಿ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಅದು ದುಃಖ ಬಂದ ಮೇಲೆ ಹೊರಡುವಂಥದು. ಕೊಡುವವನ ಮನಸ್ಸನ್ನೂ ಆ ದಿನದ ವ್ಯಾಪಾರವನ್ನೂ ಅವಲಂಬಿಸಿರುವಂಥದು. ಪರಿಚಯಸ್ಥರು ಹೆಚ್ಚಿರುವವನಿಗೆ ಹೆಚ್ಚಾಗಿಯೂ ಒಂಟಿಯಾದವನಿಗೆ ಕಡಿಮೆಯಾಗಿಯೂ ದೊರೆಯುವಂಥದು. ಒಂದೇ ರಾತ್ರಿ ನೂರು ಮನೆಗಳಿಗೆ ನೀರು ನುಗ್ಗಿದರೆ ಯಾರು ಯಾರ ಪಟ್ಟಿ ಹಿಡಿದು ಹೊರಡಬೇಕು? ಇನ್ನು ಮಗುವನ್ನೇ ಕಳೆದುಕೊಂಡ ತಾಯಿಗೆ ಯಾವ ಪಟ್ಟಿ ಏನನ್ನು ಮರಳಿಸೀತು? ಆದುದರಿಂದ ರಕ್ಷಣೆಯ ಕೆಲಸ ಎರಡಾಗಿದೆ: ತಡೆಯಬಹುದಾದ ಸಾವನ್ನು ಮುಂಚಿತವಾಗಿ ತಡೆಯುವುದು, ತಡೆಯಲಾಗದ ನಷ್ಟಕ್ಕೆ ಮುಂಚಿತವಾಗಿ ಹಣ ಒದಗಿಸಿಡುವುದು. ಎರಡೂ ನಮ್ಮವರ ಕೈಗೆ ನಿಲುಕುವಂಥವೇ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮಡಿಲಿನ ಲೆಕ್ಕ

ಮೊದಲು ಪ್ರಯಾಣದ ವಿಚಾರ. ಕಚೇರಿಯ ಗುಮಾಸ್ತರು, ಕ್ಯಾಂಟೀನು ನಡೆಸುವವರು ಕಂತಿನ ಮೇಲೆ, ಇಲ್ಲವೆ ಎರಡನೆಯ ಕೈಯಿಂದ ಸಣ್ಣದೊಂದು ಕಾರು ಕೊಳ್ಳುವುದು ಈಗ ಅಪೂರ್ವವಲ್ಲ. ಕಾರಿಲ್ಲದವರು ನಾಲ್ಕು ಜನ ಕೂಡಿ ಬಾಡಿಗೆಗೆ ಹಿಡಿಯುತ್ತಾರೆ. ಪನ್‌ವೇಲಿನಿಂದ ಕೊಂಕಣ, ಗೋವೆಗಳ ಮೂಲಕ ಕಾರವಾರ, ಕುಂದಾಪುರ, ಉಡುಪಿಗಳನ್ನು ಮುಟ್ಟುವ 66ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಇಂಥ ಕಾರುಗಳು ಹೊರಡುವ ಪರಿಯನ್ನು ಬಲ್ಲದವರಿಲ್ಲ. ಮುಂದಿನ ಸೀಟಿನಲ್ಲಿ ತಾಯಿ, ಅವಳ ಮಡಿಲಲ್ಲಿ ಕೂಸು. ಹಿಂದೆ ಅಜ್ಜಿ, ಅತ್ತೆ, ಅವರ ನಡುವೆ ನಿಂತುಕೊಂಡೇ ದಾರಿ ನೋಡುವ ಮಕ್ಕಳು. ಹಿಂದಿನ ಬೆಲ್ಟುಗಳು ಸೀಟಿನ ಹೊದಿಕೆಯ ಅಡಿಯಲ್ಲಿ ಹುದುಗಿಹೋಗಿರುತ್ತವೆ. ಇದೇ ಹೆದ್ದಾರಿಯಲ್ಲಿ, ರಾಯಗಡ ಜಿಲ್ಲೆಯ ಮಾಣಗಾಂವ್ ಬಳಿ, 2023ರ ಜನವರಿ 19ರ ಬೆಳಗಿನ ಜಾವ ಮುಂಬಯಿಯಿಂದ ಗುಹಾಗರದತ್ತ ಹೊರಟಿದ್ದ ವ್ಯಾನೊಂದು ಲಾರಿಗೆ ಡಿಕ್ಕಿ ಹೊಡೆದು, ಒಂದೇ ಬಂಧುವರ್ಗದವರು ಮಕ್ಕಳೊಡನೆ ಮೃತರಾದ ದುರಂತವನ್ನು ಓದುಗರು ಮರೆತಿರಲಾರರು.

ತಾಯಿಯ ಮಡಿಲಿಗಿಂತ ಸುರಕ್ಷಿತವಾದ ಸ್ಥಳವಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ. ಮನೆಯ ಮಟ್ಟಿಗೆ ಅದು ಸತ್ಯ. ಓಡುವ ಕಾರಿನ ಮಟ್ಟಿಗೆ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಥಟ್ಟನೆ ಗೋಡೆಗೆ ಬಡಿದರೆ ಒಳಗಿನವರಿಗೆ ಆಗುವ ಆಘಾತವು ಮೂರನೆಯ ಮಾಳಿಗೆಯಿಂದ ನೆಲಕ್ಕೆ ಬಿದ್ದುದಕ್ಕೆ ಸಮ. ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಆ ವೇಗ ಇಳಿಯಿತೆಂದು ಇಟ್ಟುಕೊಂಡರೂ ಹತ್ತು ಕಿಲೋ ತೂಕದ ಕೂಸು ಆ ಕ್ಷಣದಲ್ಲಿ ತಾಯಿಯ ತೋಳನ್ನು ಎಳೆಯುವುದು ಸುಮಾರು 140 ಕಿಲೋ ಭಾರದಂತೆ. ಐವತ್ತು ಕಿಲೋ ಅಕ್ಕಿಯ ಮೂಟೆಯನ್ನು ಹೊತ್ತು ಅಟ್ಟಕ್ಕೆ ಏರಿಸಿದ ನಮ್ಮ ಹೋಟೆಲ್ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೆಚ್ಚುಕಡಿಮೆ ಅಂಥ ಮೂರು ಮೂಟೆಗಳನ್ನು, ಅದೂ ಅನಿರೀಕ್ಷಿತವಾಗಿ, ಯಾವ ತಾಯಿ ತೋಳಲ್ಲಿ ಹಿಡಿದು ನಿಲ್ಲಿಸಬಲ್ಲಳು? ಪ್ರೀತಿಯ ಕೊರತೆಯಿಂದಲ್ಲ, ಶಕ್ತಿಯ ಮಿತಿಯಿಂದ ಕೂಸು ಕೈತಪ್ಪುತ್ತದೆ.

ಈ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಅಮೆರಿಕದ ಟೆನೆಸೀ ರಾಜ್ಯವು ಮಕ್ಕಳ ಸೀಟನ್ನು ಕಡ್ಡಾಯಗೊಳಿಸಿದ ಆ ದೇಶದ ಮೊತ್ತಮೊದಲ ಕಾಯಿದೆಯನ್ನು 1977ರಲ್ಲಿ ಮಾಡಿದಾಗ, ತೋಳಲ್ಲಿ ಎತ್ತಿಕೊಂಡ ಕೂಸಿಗೆ ವಿನಾಯಿತಿಯೆಂಬ ಮಾತನ್ನು ಅದರಲ್ಲಿ ಸೇರಿಸಲಾಗಿತ್ತು. ಆ ಕಾಯಿದೆಗಾಗಿ ಹೋರಾಡಿದ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರು ಪಟ್ಟುಬಿಡದ ಕಾರಣ 1981ರಲ್ಲಿ ಆ ವಿನಾಯಿತಿಯನ್ನು ತೆಗೆದುಹಾಕಲಾಯಿತು. 1985ರ ಹೊತ್ತಿಗೆ ಆ ದೇಶದ ಎಲ್ಲ ರಾಜ್ಯಗಳಲ್ಲಿಯೂ ಅಂಥ ಕಾಯಿದೆ ಬಂದಿತು. ಮಕ್ಕಳ ಸೀಟನ್ನು ಸರಿಯಾಗಿ ಬಳಸಿದರೆ ಮಕ್ಕಳ ಸಾವುಗಳಲ್ಲಿ ಶೇಕಡಾ 60ರಷ್ಟನ್ನು ತಪ್ಪಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ನಮ್ಮ ದೇಶದಲ್ಲಿಯೂ ಕಾಯಿದೆ ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದವರಿಗೆ ಸಾವಿರ ರೂಪಾಯಿ ದಂಡವಿದೆ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಉದ್ವಾಡದಿಂದ ಮುಂಬಯಿಗೆ ಬರುತ್ತಿದ್ದಾಗ ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಅಪಘಾತವಾಯಿತು. ಮುಂದಿನ ಸೀಟಿನಲ್ಲಿದ್ದ ಇಬ್ಬರು ಬದುಕಿ ಉಳಿದರು. ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟದೆ ಕುಳಿತಿದ್ದ ಮಿಸ್ತ್ರಿಯವರೂ ಅವರ ಜೊತೆಗಾರರೂ ಮೃತರಾದರು. ಆ ಬಳಿಕ ಮುಂಬಯಿ ಪೋಲೀಸರು ಅದೇ ವರ್ಷದ ನವೆಂಬರ್ 1ರಿಂದ ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟು ಕಡ್ಡಾಯವೆಂದು ಸಾರಿದರು. ಕೋಟ್ಯಧಿಪತಿಯ ಕಾರಿನಲ್ಲಿಯೂ ರಕ್ಷಣೆಗೆ ಬೇಕಾದುದು ಕಾರಿನ ಬೆಲೆಯಲ್ಲ, ಕಟ್ಟಿಕೊಂಡ ಪಟ್ಟಿ ಎಂಬುದು ಆ ಘಟನೆಯಿಂದ ನಿಚ್ಚಳವಾಯಿತು. ಆದರೂ ಮಡಿಲಲ್ಲಿ ಕೂತ ಕೂಸಿಗಾಗಿ ಕಾರು ನಿಲ್ಲಿಸಿ ವಿಚಾರಿಸಿದ ಪೋಲೀಸರನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಕಂಡಿದ್ದಾರೆ? ದಂಡದ ಭಯದಿಂದ ಈ ಸುಧಾರಣೆ ಬಾರದು, ತಿಳುವಳಿಕೆಯಿಂದ ಬರಬೇಕು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. 2024ರ ಡಿಸೆಂಬರಿನಲ್ಲಿ, ನಮಗೆ ಸಮೀಪದ ವಾಶಿಯಲ್ಲಿ, ಮುಂದಿನ ಸೀಟಿನಲ್ಲಿ ತಂದೆಯ ಪಕ್ಕ ಕುಳಿತಿದ್ದ ಆರು ವರ್ಷದ ಬಾಲಕನೊಬ್ಬ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಂಡ ಹೊಡೆತಕ್ಕೆ ತೀರಿಕೊಂಡನು. ಏರ್‌ಬ್ಯಾಗ್ ಎಂಬುದು ಬೆಲ್ಟು ಕಟ್ಟಿದ ವಯಸ್ಕನ ಎದೆಯನ್ನು ಗಮನದಲ್ಲಿಟ್ಟು ಮಾಡಿದ ಸಾಧನ. ಕಣ್ಣು ಮಿಟುಕಿಸುವುದರೊಳಗೆ ಅದು ಸ್ಫೋಟಿಸಿದಂತೆ ಉಬ್ಬುತ್ತದೆ. ಹೊಸ ಕಾರಿನಲ್ಲಿ ಏರ್‌ಬ್ಯಾಗ್ ಇದೆ, ಆದುದರಿಂದ ಮಗು ಮುಂದೆ ಕೂತರೂ ಚಿಂತೆಯಿಲ್ಲ ಎಂಬ ಮಾತು ತಿರುಗುಮುರುಗಾದುದು. ಏರ್‌ಬ್ಯಾಗ್ ಇರುವುದರಿಂದಲೇ ಮಗು ಹಿಂದೆ ಕೂರಬೇಕು.

ಇದರ ಕ್ರಮ ಹೀಗಿದೆ. ಎಳೆಯ ಕೂಸಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿದ ಸೀಟು. ಕೂಸಿನ ಕುತ್ತಿಗೆ ಎಳತಾಗಿರುವುದರಿಂದ ಕನಿಷ್ಠ ಹದಿನೈದು ತಿಂಗಳವರೆಗೆ, ಸಾಧ್ಯವಿದ್ದರೆ ಇನ್ನೂ ಹೆಚ್ಚು ಕಾಲ, ಹೀಗೆಯೇ ಕೂರಿಸುವುದು ಲೇಸು. ಬಳಿಕ ಮುಂದಕ್ಕೆ ಮುಖ ಮಾಡಿದ, ಎದೆ ಹಾಗೂ ಸೊಂಟಕ್ಕೆ ಪಟ್ಟಿಗಳಿರುವ ಸೀಟು. ಇನ್ನೂ ಬೆಳೆದ ಮಗುವಿಗೆ, ಕಾರಿನ ಬೆಲ್ಟು ಕುತ್ತಿಗೆಯ ಮೇಲಲ್ಲದೆ ಭುಜದ ಮೇಲೆ ಹಾಯುವಂತೆ, ಎತ್ತರಿಸುವ ಪೀಠ. ಸುಮಾರು 135ರಿಂದ 150 ಸೆಂಟಿಮೀಟರ್ ಎತ್ತರವಾಗುವ ತನಕ ಈ ಪೀಠ ಬೇಕು. ಸೀಟು ಕೊಂಡು ಸಡಿಲವಾಗಿ ಇಟ್ಟರೆ ಕೊಳ್ಳದಂತೆಯೇ. ಕೈಯಿಂದ ಅಲ್ಲಾಡಿಸಿದರೆ ಅದು ಅಲುಗಬಾರದು. ಮಗುವಿನ ಬಾರಸೆಗೆ, ಹುಟ್ಟುಹಬ್ಬಕ್ಕೆ ಉಂಗುರ, ಬಳೆ ಕೊಡುವ ಸೋದರಮಾವಂದಿರು ನಾಲ್ಕು ಜನ ಕೂಡಿ ಒಂದು ಸೀಟು ಕೊಡಿಸಿದರೆ ಅದು ಚಿನ್ನಕ್ಕಿಂತ ಹಿರಿದಾದ ಉಡುಗೊರೆಯೆಂದು ನಾವು ಭಾವಿಸುತ್ತೇವೆ.

ಕಾರಿಲ್ಲದವರಿಗೆ ಇದರಿಂದೇನು ಎಂದು ಕೇಳಬಹುದು. ನಮ್ಮವರಲ್ಲಿ ಸ್ಕೂಟರು ಇರುವವರೇ ಹೆಚ್ಚು. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ, ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಅದನ್ನು ಸವಾರನಿಗೆ ಬಂಧಿಸುವ ಸುರಕ್ಷಾಪಟ್ಟಿ ಬೇಕು, ಒಂಬತ್ತು ತಿಂಗಳು ಮೀರಿದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ನಾಲ್ಕು ವರ್ಷ ಮೀರಿದವರಿಗಂತೂ ಹೆಲ್ಮೆಟ್ ಕಾಯಿದೆಯಿಂದಲೇ ಕಡ್ಡಾಯ. ಇನ್ನು ಬಾಡಿಗೆ ಕಾರು ಹಿಡಿಯುವವರು ಮುಂಗಡ ಕೊಡುವ ಮುನ್ನವೇ ಹಿಂದಿನ ಬೆಲ್ಟುಗಳನ್ನು ಹೊದಿಕೆಯಿಂದ ಹೊರತೆಗೆಸಿ ನೋಡಬೇಕು. ಹಗಲಿಡೀ ದುಡಿದ ಚಾಲಕನನ್ನು ರಾತ್ರಿಯ ದಾರಿಗೆ ಕೂರಿಸಬಾರದು. ಎದೆಹಾಲಿನ ಕೂಸಿದ್ದವರಿಗೆ ನಮ್ಮ ಸಲಹೆ ಬೇರೆಯೇ: 1998ರಿಂದ ಪೂರ್ತಿಯಾಗಿ ತೆರೆದ ಕೊಂಕಣ ರೈಲಿನಲ್ಲಿ, ಠಾಣೆಯಲ್ಲಿ ಹತ್ತಿ ಮತ್ಸ್ಯಗಂಧದಲ್ಲಿ ಹೋಗುವುದೇ ಉತ್ತಮ.

ಗೋಡೆಯ ಲೆಕ್ಕ

ಪ್ರಯಾಣ ಮುಗಿಸಿ ಮರಳಿದವನನ್ನು ಕಾಯುತ್ತಿರುವುದು ಮನೆ. ಭಾಂಡುಪ್ ಎಂಬುದು ಒಂದು ಪಕ್ಕದಲ್ಲಿ ಗುಡ್ಡ, ಇನ್ನೊಂದು ಪಕ್ಕದಲ್ಲಿ ಖಾಡಿ ಇರುವ ಊರು. ಮಳೆಗಾಲ ಸಮೀಪಿಸಿದಂತೆ ಗುಡ್ಡದ ಮಗ್ಗುಲಿನ ನಿವಾಸಿಗಳಿಗೆ ನಗರಪಾಲಿಕೆ ನೋಟೀಸು ಕೊಡುವುದು ವರ್ಷಂಪ್ರತಿ ನಡೆದುಬಂದ ವಾಡಿಕೆ. 2021ರ ಜುಲೈ 18ರ ಒಂದೇ ರಾತ್ರಿಯ ಮಳೆಗೆ ಚೆಂಬೂರಿನ ಭಾರತ ನಗರ, ವಿಕ್ರೋಲಿಯ ಸೂರ್ಯ ನಗರಗಳಲ್ಲಿ ಗೋಡೆ ಗುಡ್ಡಗಳು ಕುಸಿದು ಇಪ್ಪತ್ತೈದಕ್ಕಿಂತ ಹೆಚ್ಚು ಜನ ಮಡಿದರು. ಭಾಂಡುಪಿನಲ್ಲಿ ಅರಣ್ಯ ಇಲಾಖೆಯ ಆವರಣದ ಗೋಡೆ ಬಿದ್ದು ಹದಿನಾರು ವರ್ಷದ ಹುಡುಗನೊಬ್ಬ ಅಸುನೀಗಿದನು. ನಗರಕ್ಕೆ ನೀರುಣಿಸುವ ಭಾಂಡುಪ್ ಜಲಶುದ್ಧೀಕರಣ ಕೇಂದ್ರಕ್ಕೇ ಅಂದು ಪ್ರವಾಹ ನುಗ್ಗಿತು. ಅದೇ ವರ್ಷದ ಮಾರ್ಚ್ 25ರ ನಡುರಾತ್ರಿ ಇಲ್ಲಿಯ ಡ್ರೀಮ್ಸ್ ಮಾಲಿನಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಂತಸ್ತಿನ ಆಸ್ಪತ್ರೆಗೆ ಏರಿ ಹತ್ತಕ್ಕಿಂತ ಹೆಚ್ಚು ಜನರ ಬಲಿ ತೆಗೆದುಕೊಂಡಿತು. ನೀರೂ ಬೆಂಕಿಯೂ ನೆರೆಮನೆಯ ಗಡಿಯನ್ನು ಕೇಳಿ ಬರುವುದಿಲ್ಲ.

ಗುಡ್ಡ ಕುಸಿದಾಗ ಸರಕಾರ ಸುಮ್ಮನಿರಲಿಲ್ಲ. ಮೃತರ ಕುಟುಂಬಕ್ಕೆ ಕೇಂದ್ರದಿಂದ ಎರಡು ಲಕ್ಷ, ರಾಜ್ಯದಿಂದ ಐದು ಲಕ್ಷ ರೂಪಾಯಿ ಪರಿಹಾರವನ್ನು ಸಾರಿದರು. ಆದರೆ ಇದು ಸತ್ತವರ ಲೆಕ್ಕ. ಬದುಕಿ ಉಳಿದವನ ಪಾತ್ರೆ, ಹಾಸಿಗೆ, ಕಪಾಟು, ಹೊಲಿಗೆಯಂತ್ರ, ಮಕ್ಕಳ ಪುಸ್ತಕಗಳ ಲೆಕ್ಕವೇನು? ಮನೆ ದುರಸ್ತಿಯಾಗುವ ತನಕ ಬೇರೆ ಖೋಲಿಗೆ ತೆರಬೇಕಾದ ಬಾಡಿಗೆಯನ್ನು ಯಾರು ಕೊಡಬೇಕು? ಇಲ್ಲಿಯೇ ವಿಮೆಯ ಪ್ರಸ್ತಾಪ ಬರುತ್ತದೆ. ವಿಮೆಯೆಂಬುದು ಬೇರೇನೂ ಅಲ್ಲ; ದುಃಖಕ್ಕೆ ಮುನ್ನವೇ, ಪರಸ್ಪರ ಪರಿಚಯವಿಲ್ಲದ ಲಕ್ಷಾಂತರ ಜನರು ಸಹಿ ಹಾಕಿ ಇಟ್ಟ ಚಂದಾಪಟ್ಟಿ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ, ಮನೆಗಳ ವಿಮೆ ಮಾಡುವ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಒಕ್ಕಣೆಯ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗುಡ್ಡ ಕುಸಿತ, ದೊಂಬಿ ಇವೆಲ್ಲವೂ ಇದರಲ್ಲಿ ಅಡಕವಾಗಿವೆ. ಮನೆ ವಾಸಯೋಗ್ಯವಲ್ಲದಾಗ ಬೇರೆಡೆ ಇರುವ ಬಾಡಿಗೆಯೂ ಸೇರಿದೆ. ಕಟ್ಟಡಕ್ಕೆ ಮಾತ್ರ, ಸಾಮಾನುಗಳಿಗೆ ಮಾತ್ರ, ಅಥವಾ ಎರಡಕ್ಕೂ ಪಡೆಯಬಹುದು. ಆದುದರಿಂದ ಸ್ವಂತ ಮನೆಯಿಲ್ಲದ ಬಾಡಿಗೆದಾರನಿಗೂ ಇದು ಸಲ್ಲುತ್ತದೆ.

ಎಷ್ಟು ಮೊತ್ತಕ್ಕೆ ವಿಮೆ ಮಾಡಿಸಬೇಕೆಂಬಲ್ಲಿ ಹಲವರು ಎಡವುತ್ತಾರೆ. ಮುಂಬಯಿಯಲ್ಲಿ ಮನೆಯ ಬೆಲೆಯ ಬಹುಭಾಗ ನೆಲದ ಬೆಲೆ. ನೆಲ ಸುಡುವುದಿಲ್ಲ, ತೊಳೆದುಹೋಗುವುದೂ ಇಲ್ಲ. ವಿಮೆ ಬೇಕಾಗಿರುವುದು ಮತ್ತೆ ಕಟ್ಟುವ ಖರ್ಚಿಗೆ. ಉದಾಹರಣೆಗೆ, 400 ಚದರ ಅಡಿಯ ಮನೆಯನ್ನು ಮತ್ತೆ ಕಟ್ಟಲು ಅಡಿಗೆ 3,000 ರೂಪಾಯಿ ಬೀಳುವುದೆಂದು ಇಟ್ಟುಕೊಂಡರೆ ಕಟ್ಟಡದ ಮೊತ್ತ 12 ಲಕ್ಷ. ಈ ಪಾಲಿಸಿಯಲ್ಲಿ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ ಹತ್ತು ಲಕ್ಷದವರೆಗೆ, ಮನೆಯ ಸಾಮಾನುಗಳಿಗೆ ತಾನಾಗಿಯೇ ಸೇರುತ್ತದೆ. ಅಂದರೆ ಈ ಮನೆಗೆ 2 ಲಕ್ಷ 40 ಸಾವಿರ. ಸಾಮಾನು ಅದಕ್ಕಿಂತ ಹೆಚ್ಚಾಗಿದ್ದರೆ ಪಟ್ಟಿ ಕೊಟ್ಟು ಮೊತ್ತವನ್ನು ಏರಿಸಬೇಕು. ಒಡವೆಗಳಿಗೆ ಪ್ರತ್ಯೇಕವಾಗಿ ಸೇರಿಸಬೇಕು. ಕಳ್ಳತನದ ವಿಷಯದಲ್ಲಿ ಎಚ್ಚರವಿರಲಿ: ಬೆಂಕಿ, ಪ್ರವಾಹಗಳಂಥ ಅನಾಹುತದ ಬೆನ್ನಲ್ಲೇ ಏಳು ದಿನಗಳೊಳಗೆ ಆದ ಕಳ್ಳತನಕ್ಕೆ ಮಾತ್ರ ಇದು ಅನ್ವಯಿಸುತ್ತದೆ, ಬೀಗ ಒಡೆಯುವ ಕಳ್ಳನಿಗೆ ಬೇರೆ ಪಾಲಿಸಿ ಬೇಕು.

ಸೊಸೈಟಿ ಕಟ್ಟಡಗಳಲ್ಲಿ ಇರುವವರು ಇನ್ನೊಂದು ಪ್ರಶ್ನೆ ಕೇಳಬೇಕಾಗಿದೆ. ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ ಕಟ್ಟಡಕ್ಕೆ ಬೆಂಕಿ ಹಾಗೂ ಭೂಕಂಪದ ವಿಮೆ ಮಾಡಿಸುವುದು ಸೊಸೈಟಿಯ ಕರ್ತವ್ಯ. ವಾರ್ಷಿಕ ಮಹಾಸಭೆಯಲ್ಲಿ ಬಣ್ಣ, ನೀರಿನ ಪಂಪು, ಗಣಪತಿಯ ಮಂಟಪಗಳ ಬಗ್ಗೆ ಎರಡು ತಾಸು ವಾದಿಸುವ ಸದಸ್ಯರು ಈ ಒಂದು ಕಾಗದವನ್ನು ತೋರಿಸಿರೆಂದು ಕಾರ್ಯದರ್ಶಿಯನ್ನು ಕೇಳಲಿ. ಸೊಸೈಟಿಯ ವಿಮೆ ಗೋಡೆಗಳಿಗೆ. ಗೋಡೆಯೊಳಗಿನ ಸಾಮಾನು ನಿಮ್ಮ ಹೊಣೆ.

ಅಡಿಗೆ ಅನಿಲದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ತೈಲ ಕಂಪನಿಗಳು ತಮ್ಮ ನೋಂದಾಯಿತ ಗ್ರಾಹಕರಿಗಾಗಿ ವಿಮೆ ಮಾಡಿಸಿವೆ. ಗ್ರಾಹಕ ಬೇರೆ ಕಂತು ಕಟ್ಟಬೇಕಾಗಿಲ್ಲ. ಸಿಲಿಂಡರಿನ ಅಪಘಾತದಲ್ಲಿ ಸಾವಾದರೆ ಆರು ಲಕ್ಷ, ಚಿಕಿತ್ಸೆಗೆ ತಲಾ ಎರಡು ಲಕ್ಷದವರೆಗೆ, ನೋಂದಾಯಿತ ವಿಳಾಸದ ಮನೆಯ ಆಸ್ತಿಗೆ ಎರಡು ಲಕ್ಷದವರೆಗೆ ಪರಿಹಾರವಿದೆ. ಇಲ್ಲಿ ವಿಳಾಸವೆಂಬುದು ಮುಖ್ಯ. ಖೋಲಿ ಬದಲಿಸಿದಾಗ ಪುಸ್ತಕದಲ್ಲಿ ವಿಳಾಸ ಬದಲಿಸದವನು, ಮತ್ತೊಬ್ಬರ ಹೆಸರಿನ ಸಿಲಿಂಡರು ತಂದವನು ಈ ಹಕ್ಕನ್ನು ತಾನೇ ಕೈಯಾರೆ ದುರ್ಬಲಗೊಳಿಸಿಕೊಳ್ಳುತ್ತಾನೆ.

ದುಡಿಯುವವನ ಲೆಕ್ಕ

ಈ ತನಕ ಹೇಳಿದುದು ಮನೆ ಸಂಸಾರ ಇಲ್ಲಿರುವವರಿಗೆ. ಕುಟುಂಬವನ್ನು ಊರಲ್ಲಿಟ್ಟು, ಹೋಟೆಲಿನ ಅಟ್ಟದ ಮೇಲೆ ಒಂದು ಟ್ರಂಕು ಇಟ್ಟುಕೊಂಡು ಮಲಗುವ ಸಾವಿರಾರು ಬಂಧುಗಳಿದ್ದಾರೆ. 2017ರ ಡಿಸೆಂಬರ್ 18ರಂದು ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣ ಅಂಗಡಿಯೊಂದಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದಾಗ ಒಳಗಿದ್ದ ಹನ್ನೆರಡು ಕೆಲಸಗಾರರು ಪ್ರಾಣ ತೆತ್ತರು. ಇಂಥವನಿಗೆ ಮನೆಯೆಂದರೆ ಅವನ ಎರಡು ಕೈಗಳೇ.

ಅವನಿಗೂ ದಾರಿಯಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ ಎರಡು ಲಕ್ಷ ರೂಪಾಯಿ ದೊರೆಯುತ್ತದೆ. 436 ರೂಪಾಯಿಯ ಜೀವನ ಜ್ಯೋತಿ ಯೋಜನೆಗೆ 50 ವರ್ಷದೊಳಗೆ ಸೇರಿದವರಿಗೆ ಯಾವ ಕಾರಣದ ಸಾವಿಗೂ ಎರಡು ಲಕ್ಷವಿದೆ. ಇವುಗಳ ವರ್ಷ ಜೂನ್ 1ರಿಂದ ಮೇ 31ರವರೆಗೆ. ಹಣ ಬ್ಯಾಂಕಿನ ಖಾತೆಯಿಂದ ತಾನಾಗಿ ಮುರಿದುಕೊಳ್ಳುತ್ತದೆ. ಊರಿಗೆ ಹೊರಡುವ ಅವಸರದಲ್ಲಿ ಖಾತೆಯನ್ನು ಬರಿದು ಮಾಡಿದವನ ವಿಮೆ ಅದೇ ವಾರ ಕಡಿದುಹೋಗುತ್ತದೆ ಎಂಬುದನ್ನು ನೆನಪಿಡಬೇಕು.

ಹೋಟೆಲ್ ಮಾಲಕರಲ್ಲಿ ನಮ್ಮದೊಂದು ಬಿನ್ನಹ. ಗಲ್ಲೆಯ ಹಿಂದೆ ಕೂತು ಬಲ್ಲ ನಮಗೆ ತಿಳಿದ ಮಾತಿದು: ಹೋಟೆಲಿನ ಫ್ರಿಜ್ಜಿಗೆ, ರುಬ್ಬುವ ಯಂತ್ರಕ್ಕೆ, ಪೀಠೋಪಕರಣಗಳಿಗೆ ವಿಮೆಯುಂಟು, ಬ್ಯಾಂಕು ಸಾಲ ಕೊಡುವಾಗ ಅದನ್ನು ಬಿಡದೆ ಮಾಡಿಸುತ್ತದೆ. ಆ ಯಂತ್ರವನ್ನು ನಡೆಸುವವನಿಗೆ ಉಂಟೋ ಎಂದು ಕೇಳುವವರಿಲ್ಲ. ಹತ್ತು ಮಂದಿ ಕೆಲಸಗಾರರಿಗೆ ತಲಾ ಇಪ್ಪತ್ತು ರೂಪಾಯಿಯೆಂದರೆ ವರ್ಷಕ್ಕೆ ಇನ್ನೂರು ರೂಪಾಯಿ. ಒಂದು ಮಧ್ಯಾಹ್ನ ಉಳಿದು ಹಾಳಾಗುವ ಪಲ್ಯದ ಬೆಲೆಯೂ ಅಲ್ಲ. ಮೇ ತಿಂಗಳ ಸಂಬಳದ ದಿನ ಪ್ರತಿಯೊಬ್ಬನ ಪಾಸ್‌ಬುಕ್ಕನ್ನು ನೋಡಿ, ನಾಮನಿರ್ದೇಶನ ಸರಿಯಿದೆಯೋ ಎಂದು ವಿಚಾರಿಸುವುದು ಕಷ್ಟದ ಕೆಲಸವಲ್ಲ. ಕನ್ನಡ ಸಂಘಗಳು ವಾರ್ಷಿಕೋತ್ಸವದ ಜೊತೆಗೆ ಒಂದು ಭಾನುವಾರವನ್ನು ಈ ಅರ್ಜಿಗಳನ್ನು ತುಂಬಿಸಿಕೊಡುವುದಕ್ಕಾಗಿ ಮೀಸಲಿಟ್ಟರೆ ಅದು ನಿಜವಾದ ಸಮಾಜಸೇವೆಯಾದೀತು.

ಎರಡು ಆಕ್ಷೇಪಗಳು

ಕಂಪನಿಗಳು ಕಂತು ಪಡೆಯುವಾಗ ನಗುತ್ತವೆ, ಕೊಡುವಾಗ ಕಾಡುತ್ತವೆ ಎಂಬ ದೂರು ಸರ್ವತ್ರ ಕೇಳಿಬರುತ್ತದೆ. ಅದು ಸುಳ್ಳೆಂದು ನಾವು ಹೇಳಲಾರೆವು. ಆದುದರಿಂದಲೇ ಅರ್ಜಿಯಲ್ಲಿ ಮನೆಯ ವಿಸ್ತೀರ್ಣ, ಗೋಡೆ ಮಾಡುಗಳ ಬಗೆ ಇತ್ಯಾದಿಗಳನ್ನು ಇದ್ದಂತೆ ಬರೆಯಬೇಕು. ಸಾಮಾನುಗಳ ಫೋಟೋ ತೆಗೆದಿಡಬೇಕು. ಅನಾಹುತವಾದ ಕೂಡಲೇ ಬರಹದಲ್ಲಿ ತಿಳಿಸಬೇಕು. ಪಾಲಿಸಿಯ ಕಾಗದ ಎಲ್ಲಿದೆಯೆಂದು ಮನೆಯಾಕೆಗೆ ತಿಳಿದಿರಬೇಕು. ಗಂಡನೊಬ್ಬನಿಗೇ ಗೊತ್ತಿದ್ದ ವಿಮೆ ಅವನೊಂದಿಗೇ ಹೋಗುತ್ತದೆ. ಕಂಪನಿ ತಿಂಗಳೊಳಗೆ ಉತ್ತರಿಸದಿದ್ದರೆ ಅಥವಾ ಅನ್ಯಾಯದ ಉತ್ತರ ಕೊಟ್ಟರೆ ವಿಮಾ ಲೋಕಪಾಲರ ಕಚೇರಿ ಮುಂಬಯಿಯಲ್ಲಿಯೇ ಇದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲನೂ ಬೇಕಾಗಿಲ್ಲ.

ಹಣೆಯಲ್ಲಿ ಬರೆದುದು ತಪ್ಪದು, ದೈವ ಕಾಯುತ್ತದೆ ಎನ್ನುವುದು ಇನ್ನೊಂದು ಮಾತು. ನಾವೂ ದೈವಕ್ಕೆ ಕೈಮುಗಿಯುವವರೇ. ಆದರೆ ಊರಿನ ಮನೆಯಂಗಳದ ಬಾವಿಗೆ ಕಟ್ಟೆ ಕಟ್ಟದೆ, ದೈವ ಕಾಯುತ್ತದೆಂದು ಮಗುವನ್ನು ಆಡಲು ಬಿಡುವ ತಂದೆ ತಾಯಂದಿರನ್ನು ನಾವು ಕಂಡಿಲ್ಲ. ಕಾರಿನ ಸೀಟು, ಸ್ಕೂಟರಿನ ಹೆಲ್ಮೆಟ್, ಮನೆಯ ಪಾಲಿಸಿ, ಇವು ಈ ನಗರದ ಬಾವಿಕಟ್ಟೆಗಳು.

ಈ ವರ್ಷ ಊರಿನ ಟಿಕೇಟು ತೆಗೆಯುವ ದಿನವೇ ನಮ್ಮ ವಾಚಕರು ಇನ್ನೊಂದು ಚೀಟಿಯನ್ನು ಬರೆದಿಡಲಿ: ಮಗು ಎಲ್ಲಿ ಕೂರುವುದು, ಮನೆಯ ವಿಮೆ ಎಷ್ಟು, ಇಪ್ಪತ್ತು ರೂಪಾಯಿ ಖಾತೆಯಲ್ಲಿದೆಯೇ. ಈ ಮೂರಕ್ಕೂ ಉತ್ತರವಿದ್ದ ಮನೆಗೆ ಕಷ್ಟವೇ ಬಾರದೆಂದು ನಾವು ಹೇಳುವುದಿಲ್ಲ. ಬಂದ ಕಷ್ಟಕ್ಕೆ ಅದು ಬರಿಗೈಯಲ್ಲಿ ಎದುರಾಗಬೇಕಾಗಿಲ್ಲ. ಮಾಲಕರೂ ಸಂಘಗಳೂ ಮಳೆ ಹಿಡಿಯುವ ಮುನ್ನವೇ ಈ ಕಾರ್ಯಕ್ಕೆ ಕೈಹಚ್ಚುವರೆಂದು ಆಶಿಸುತ್ತೇವೆ.